ಮರಳು ಕಲ್ಲಾದ ಕಥೆ

ಬಾದಾಮಿಯ ಅಗಸ್ತ್ಯತೀರ್ಥದ ದಡದಲ್ಲಿ ನಿಂತು ಕೆಂಬಂಡೆಗಳತ್ತ ಕಣ್ಣೆತ್ತಿದರೆ, ಒಂದರ ಮೇಲೊಂದು ಜೋಡಿಸಿಟ್ಟಂತೆ ಪದರಗಳು ಕಾಣುತ್ತವೆ. ಗುಹಾಲಯಗಳ ಶಿಲ್ಪಕ್ಕೆ ಬೆರಗಾದ ಯಾತ್ರಿಕರು ಈ ಗೆರೆಗಳನ್ನು ಗಮನಿಸದೆ ಹಿಂದಿರುಗುವುದೇ ಹೆಚ್ಚು. ಚಾಲುಕ್ಯ ಮಂಗಳೇಶನು ಮೂರನೆಯ ಗುಹೆಯಲ್ಲಿ ಶಾಸನ ಬರೆಯಿಸಿದ್ದು ಕ್ರಿ. ಶ. 578ರಲ್ಲಿ. ಅದಕ್ಕೆ ಐವತ್ತು ಕೋಟಿ ವರ್ಷಗಳಿಗೂ ಮೊದಲು, ನೆಲದ ಮೇಲೆ ಗಿಡಮರಗಳಾಗಲಿ ಪ್ರಾಣಿಗಳಾಗಲಿ ಇಲ್ಲದಿದ್ದ ಕಾಲದಲ್ಲಿ, ಹರಿಯುವ ನೀರು ಈ ಬಂಡೆಯನ್ನು ಪದರಪದರವಾಗಿ ಹಾಸಿತ್ತು.

ಬಿಸಿಲು ಮಳೆಗಳಿಗೆ ಸಿಕ್ಕ ಬೆಟ್ಟ ಬಿರಿದು ಪುಡಿಯಾಗುತ್ತದೆ. ಆ ಪುಡಿಯನ್ನು ನದಿ ಹೊತ್ತೊಯ್ಯುತ್ತದೆ. ಹರಿವಿನ ಬಿರುಸು ತಗ್ಗಿದಂತೆ ಮೊದಲು ಉರುಟುಗಲ್ಲು, ಆಮೇಲೆ ಮರಳು, ಕೊನೆಗೆ ಜೇಡಿ ತಳಕ್ಕಿಳಿಯುತ್ತವೆ. ಮೇಲಿನ ಪದರಗಳ ಭಾರಕ್ಕೆ ಕೆಳಗಿನವು ಒತ್ತಿಕೊಂಡು, ಅವುಗಳೊಳಗಿನ ನೀರು ಹೊರಬೀಳುತ್ತದೆ. ಅಂತರ್ಜಲದಲ್ಲಿ ಕರಗಿರುವ ಸಿಲಿಕ, ಸುಣ್ಣ, ಕಬ್ಬಿಣದ ಅಂಶಗಳು ಕಣಗಳ ನಡುವೆ ಗಾರೆಯಂತೆ ನಿಂತು ಅವುಗಳನ್ನು ಬೆಸೆಯುತ್ತವೆ. ಇದೇ ಪದರಶಿಲೆ. ಬಾದಾಮಿಯ ಕೆಂಪು, ಕಬ್ಬಿಣದ ತುಕ್ಕಿನ ಬಣ್ಣ. ಕದಡದೆ ಉಳಿದ ಪದರಗಳಲ್ಲಿ ಕೆಳಗಿನದೇ ಹಳೆಯದೆಂಬ ಸೂತ್ರವನ್ನು ಡೆನ್ಮಾರ್ಕಿನ ನಿಕೋಲಾಸ್ ಸ್ಟೆನೊ 1669ರಲ್ಲಿಯೇ ಪ್ರಕಟಿಸಿದ್ದನು.

ಮೂರು ಕುಲಗಳು

ಹುಟ್ಟಿದ ಬಗೆಯನ್ನು ನೋಡಿ ಈ ಶಿಲೆಗಳನ್ನು ವಿಂಗಡಿಸುತ್ತಾರೆ. ಮೊದಲನೆಯ ಕುಲ ಒಡೆದ ಚೂರುಗಳಿಂದಾದದ್ದು. ಇಲ್ಲಿ ಕಣದ ಗಾತ್ರವೇ ಅಳತೆಗೋಲು. 2 ಮಿಲಿಮೀಟರಿಗಿಂತ ದಪ್ಪನೆಯ ಉರುಟುಗಲ್ಲುಗಳು ಬೆಸೆದುಕೊಂಡರೆ ಪೆಂಟೆಶಿಲೆ. ಅದಕ್ಕಿಂತ ಸಣ್ಣ ಮರಳಿನದು ಮರಳುಗಲ್ಲು. ನುಣ್ಣನೆಯ ಕೆಸರಿನದು ಜೇಡಿಶಿಲೆ.

ಎರಡನೆಯದು ನೀರಿನಲ್ಲಿ ಕರಗಿದ್ದ ಲವಣಗಳು ಬೇರ್ಪಟ್ಟು ಉಂಟಾದದ್ದು. ಅಡುಗೆಮನೆಯ ಸೈಂಧವ ಲವಣ, ಎಂದೋ ಬತ್ತಿಹೋದ ಕಡಲಿನ ಉಳಿಕೆ. ಮೂರನೆಯದು ಜೀವಿಗಳ ಅವಶೇಷಗಳಿಂದ ಬಂದದ್ದು. ಹೂತುಹೋದ ಸಸ್ಯಗಳಿಂದ ಕಲ್ಲಿದ್ದಲಾಯಿತು.

ಸುಣ್ಣಕಲ್ಲು ಈ ಕೊನೆಯ ಎರಡು ಬಗೆಗಳಲ್ಲಿಯೂ ಹುಟ್ಟಬಲ್ಲುದು. ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣಕಲ್ಲೇ. ಇಂದಿನ ಕಲಬುರಗಿಯ ಸೀಮೆಯನ್ನು ಹಿಂದೊಮ್ಮೆ ಆವರಿಸಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ತಂಗಿದ ಸುಣ್ಣದ ಕೆಸರು ಅದು. ಪದರುಗಳ ಗುಂಟ ಸೀಳುವುದರಿಂದಲೇ ಚಪ್ಪಡಿಗಳು ಸುಲಭವಾಗಿ ಏಳುತ್ತವೆ. ನಿಂಬೆಯ ರಸ ಬಿದ್ದಲ್ಲಿ ಅದರ ಹೊಳಪು ಮಾಸುವುದಕ್ಕೆ, ಆಮ್ಲವು ಸುಣ್ಣವನ್ನು ಕರಗಿಸುವುದೇ ಕಾರಣ.

ಕೂಡಿಸಿದ ನೀರೇ ಬಿಡಿಸುತ್ತದೆ

ಕಣಗಳ ಬೆಸುಗೆ ಹದವಾಗಿದ್ದುದರಿಂದಲೇ ಬಾದಾಮಿಯ ಮರಳುಗಲ್ಲು ಉಳಿಗೆ ಒಲಿಯಿತು. ಆ ಹದವೇ ಅದರ ದೌರ್ಬಲ್ಯವೂ ಹೌದು. ಬಿರುಕುಗಳಲ್ಲಿ ಇಳಿದ ಮಳೆನೀರು ಬೆಸುಗೆಯನ್ನು ಸಡಿಲಿಸುತ್ತದೆ; ಶಿಲ್ಪವನ್ನು ಸವರುವ ಕೈಗಳೂ ಹೆಸರು ಗೀಚುವ ಮೊಳೆಗಳೂ ಅದಕ್ಕೆ ನೆರವಾಗುತ್ತವೆ. ಉದುರಿದ ಕಣ ಮಲಪ್ರಭೆಯನ್ನು ಸೇರಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಅಲ್ಲಿ ಅದು ಕೋಟ್ಯಂತರ ವರ್ಷಗಳ ಬಳಿಕ ಮತ್ತೊಂದು ಬಂಡೆಯಾದೀತು. ಆದರೆ ಶಿಲ್ಪಿ ಕಡೆದ ಮುಖ ಮತ್ತೆ ಮೂಡಲಾರದು.