ಭವಿಷ್ಯನಿಧಿ: ಗಂಟು ತನ್ನದು, ಬೀಗದ ಕೈ ದೂರ

2016ನೆಯ ಇಸವಿ ಏಪ್ರಿಲ್ 18, ಸೋಮವಾರ. ಬೆಂಗಳೂರಿನ ಹೊಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಎಂದಿನಂತೆ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಅಂದು ಹೊಲಿಗೆಯಂತ್ರವನ್ನು ಬಿಟ್ಟೆದ್ದು ಬೀದಿಗಿಳಿದರು. ಮರುದಿನ ಆ ಕಿಚ್ಚು ತುಮಕೂರು ರಸ್ತೆಗೂ ಹಬ್ಬಿತು. ವಾಹನ ಸಂಚಾರ ಗಂಟೆಗಟ್ಟಲೆ ನಿಂತುಹೋಯಿತು. ಬಸ್ಸುಗಳಿಗೆ ಬೆಂಕಿ ಬಿದ್ದಿತು, ಲಾಠಿಯೂ ಬೀಸಿತು. ಆ ಹೆಣ್ಣುಮಕ್ಕಳು ಕೇಳುತ್ತಿದ್ದುದು ಸಂಬಳದ ಹೆಚ್ಚಳವನ್ನಲ್ಲ, ಬೋನಸ್ಸನ್ನೂ ಅಲ್ಲ. ತಮ್ಮ ತಮ್ಮ ಹೆಸರಿನಲ್ಲಿಯೇ ಜಮೆಯಾಗಿದ್ದ ಭವಿಷ್ಯನಿಧಿಯ ಹಣವನ್ನು ಬೇಕಾದಾಗ ತಮ್ಮ ಕೈಗೆ ಕೊಡಬೇಕೆಂಬುದಷ್ಟೇ ಅವರ ಬೇಡಿಕೆಯಾಗಿತ್ತು.

ಆ ವರ್ಷದ ಫೆಬ್ರವರಿ 10ರಂದು ಕೇಂದ್ರ ಸರ್ಕಾರವು ಹೊಸ ನಿಯಮವೊಂದನ್ನು ಹೊರಡಿಸಿತ್ತು. ಅದುವರೆಗೆ ಕೆಲಸ ಬಿಟ್ಟ ನೌಕರರು ಎರಡು ತಿಂಗಳು ಬೇರೆ ಕೆಲಸವಿಲ್ಲದೆ ಇದ್ದರೆ ಪೂರ್ತಿ ಹಣವನ್ನು ಪಡೆಯಬಹುದಾಗಿತ್ತು. ಹೊಸ ನಿಯಮದಂತೆ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಕೈಗೆ ಸಿಕ್ಕುವಂತಿರಲಿಲ್ಲ. ವೃದ್ಧಾಪ್ಯಕ್ಕೆ ಆಸರೆಯಿರಲೆಂಬುದು ಸರ್ಕಾರದ ಆಶಯ. ಆದರೆ ಮೂವತ್ತೈದರಲ್ಲಿಯೇ ಕಣ್ಣು ಮಂಜಾಗಿ, ಸೊಂಟ ಸೋತು ಕೆಲಸ ಬಿಡುವ ಹೊಲಿಗೆಯವಳಿಗೆ 58 ಎಂಬುದು ಎಷ್ಟು ದೂರದ ಮಾತು! ಮಗಳ ಮದುವೆ, ಮಗನ ಶಾಲೆ, ಊರಿನ ಸಾಲ, ಇವು ಯಾವುವೂ ಅಲ್ಲಿಯವರೆಗೆ ಕಾದು ನಿಲ್ಲುವಂಥವಲ್ಲ. ಏಪ್ರಿಲ್ 19ರಂದೇ ಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು.

ಬೀದಿ ಶಾಂತವಾಯಿತು. ಆದರೆ ಆ ಎರಡು ದಿನ ಎದ್ದ ಪ್ರಶ್ನೆ ಸಂಬಳದಾರರ ಮನೆಗಳಲ್ಲಿ ಇಂದಿಗೂ ಏಳುತ್ತಲೇ ಇದೆ: ದುಡಿದವನ ಹಣ ದುಡಿದವನಿಗೆ ಸಕಾಲದಲ್ಲಿ ಏಕೆ ಸಿಕ್ಕುವುದಿಲ್ಲ?

ನಿಧಿಯ ಹುಟ್ಟು

ನೌಕರರ ಭವಿಷ್ಯನಿಧಿಯು ಸ್ವತಂತ್ರ ಭಾರತದ ಮೊದಮೊದಲ ಕಾರ್ಮಿಕ ಕಾನೂನುಗಳಲ್ಲಿ ಒಂದು. 1951ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು, 1952ರಲ್ಲಿ ಶಾಸನವಾಯಿತು. ಸಿಮೆಂಟು, ಸಿಗರೇಟು, ಯಂತ್ರೋಪಕರಣ, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ ಎಂಬ ಆರು ಉದ್ಯಮಗಳಿಗೆ ಮಾತ್ರ ಅದು ಮೊದಲು ಅನ್ವಯಿಸುತ್ತಿತ್ತು. ಕ್ರಮೇಣ ಅಂಗಡಿ, ಹೋಟೆಲು, ಕಚೇರಿ, ಶಾಲೆಗಳಿಗೂ ವ್ಯಾಪಿಸಿತು. ಸಾಮಾನ್ಯವಾಗಿ ನೌಕರನ ಮೂಲವೇತನ ಮತ್ತು ತುಟ್ಟಿಭತ್ಯದ ಶೇಕಡಾ 12ರಷ್ಟನ್ನು ಸಂಬಳದಲ್ಲಿ ಮುರಿದುಕೊಳ್ಳಲಾಗುತ್ತದೆ. ಅಷ್ಟೇ ಮೊತ್ತವನ್ನು ಮಾಲೀಕರೂ ಸೇರಿಸುತ್ತಾರೆ. ಅದರಲ್ಲಿ ಒಂದು ಭಾಗ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ಈ ನಿಧಿಯನ್ನು ಸಾಲಗಾರರಿಗಾಗಿ ನ್ಯಾಯಾಲಯವೂ ಜಪ್ತಿ ಮಾಡುವಂತಿಲ್ಲವೆಂದು ಶಾಸನ ರಕ್ಷಣೆಯಿತ್ತಿತು.

ಹಣ ಕೊಡುವುದಕ್ಕೂ ಗಡುವು ಇಲ್ಲದಿಲ್ಲ. ಮೊದಲು 30 ದಿನಗಳಿದ್ದ ಅವಧಿಯನ್ನು 2015ರಲ್ಲಿ 20 ದಿನಗಳಿಗೆ ಇಳಿಸಲಾಯಿತು. ಸರಿಯಾಗಿರುವ ಅರ್ಜಿಯನ್ನು ತಕ್ಕ ಕಾರಣವಿಲ್ಲದೆ ತಡೆದರೆ ಶೇಕಡಾ 12ರ ದಂಡಬಡ್ಡಿಯನ್ನು ವಿಧಿಸಿ, ಅದನ್ನು ಆಯುಕ್ತರ ಸಂಬಳದಿಂದಲೇ ಹಿಡಿಯಬಹುದೆಂದೂ ಯೋಜನೆಯಲ್ಲಿ ಬರೆಯಲಾಯಿತು. ಇಷ್ಟು ಕಟ್ಟುನಿಟ್ಟಿದ್ದರೂ ತಡವೇಕೆ? ಗುಟ್ಟು ಇರುವುದು ‘ಸರಿಯಾಗಿರುವ ಅರ್ಜಿ’ ಎಂಬ ಎರಡು ಮಾತಿನಲ್ಲಿ.

ಹೆಸರಿನ ಗೊಂದಲ

ಕನ್ನಡಿಗರ ಹೆಸರಿನ ಪದ್ಧತಿಯೇ ಇಲ್ಲಿ ಮೊದಲ ತೊಡಕು. ಊರಿನ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ, ಆಮೇಲೆ ಸ್ವಂತ ಹೆಸರು: ಇದು ಶಾಲೆಯ ದಾಖಲೆ. ಕಾರ್ಖಾನೆಯ ಗುಮಾಸ್ತರು ಆ ಅಕ್ಷರಗಳನ್ನು ಹೆಸರಿನ ಹಿಂದಕ್ಕೆ ತಳ್ಳಿರುತ್ತಾರೆ. ಆಧಾರ್ ಚೀಟಿಯಲ್ಲಿ ಅಕ್ಷರಗಳೇ ಇಲ್ಲ. ಪ್ಯಾನ್ ಚೀಟಿಯಲ್ಲಿ ಅವು ಪೂರ್ತಿ ಹೆಸರುಗಳಾಗಿ ಬೆಳೆದಿವೆ. ಲಕ್ಷ್ಮಿ ಎಂಬ ಎರಡಕ್ಷರದ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೆಂಬುದು ಆ ಹೆಸರಿನ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಮದುವೆಯಾದ ಮೇಲೆ ತಂದೆಯ ಅಕ್ಷರ ಹೋಗಿ ಗಂಡನ ಅಕ್ಷರ ಬಂದಿದ್ದರಂತೂ ಒಬ್ಬಳೇ ಹೆಂಗಸು ಕಾಗದದ ಮೇಲೆ ಇಬ್ಬರಾಗುತ್ತಾಳೆ.

ಹುಟ್ಟಿದ ದಿನದ್ದೂ ಇದೇ ಪಾಡು. ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಿಂದ ಬರೆದ ದಿನ ಒಂದು. ಮನೆಯ ಹಿರಿಯರು ಹಬ್ಬವನ್ನು ನೆನೆದು ಹೇಳುವ ದಿನ ಇನ್ನೊಂದು. ಬದುಕಿನಲ್ಲಿ ಇವುಗಳಿಂದ ಯಾರಿಗೂ ಕೇಡಾಗಿರುವುದಿಲ್ಲ. ಆದರೆ ಗಣಕಯಂತ್ರಕ್ಕೆ ಮೇಷ್ಟರೂ ತಿಳಿಯದು, ಹಬ್ಬವೂ ತಿಳಿಯದು. ಅಕ್ಷರ ತಾಳೆಯಾಗದಿದ್ದರೆ ಅರ್ಜಿ ಹಿಂದಿರುಗುವುದು.

ಎರಡನೆಯ ತೊಡಕು ಹಳೆಯ ಮಾಲೀಕರದು. ನೌಕರನು ಕೆಲಸ ಬಿಟ್ಟ ದಿನಾಂಕವನ್ನು ಅವರು ನಮೂದಿಸದಿದ್ದರೆ ಅವನು ಇನ್ನೂ ಕೆಲಸದಲ್ಲಿದ್ದಾನೆಂದೇ ಲೆಕ್ಕ. ಕಾರ್ಖಾನೆ ಮುಚ್ಚಿದ್ದರೆ ಯಾರ ಬಾಗಿಲು ತಟ್ಟುವುದು? ಇನ್ನು ಕೆಲವೆಡೆ ಸಂಬಳದಲ್ಲಿ ಮುರಿದುಕೊಂಡ ಹಣವೇ ನಿಧಿಗೆ ಸೇರಿರುವುದಿಲ್ಲ. ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಕಟ್ಟಬೇಕೆಂಬುದು ನಿಯಮ; ಹೀಗೆ ಮುರಿದುಕೊಂಡು ಕಟ್ಟದೆ ಇರುವುದು ಕಾನೂನಿನ ಕಣ್ಣಿಗೆ ನಂಬಿಕೆದ್ರೋಹದ ಅಪರಾಧ.

ಸಂಬಳದಾರನೇ ತೀರಿಕೊಂಡಾಗ ಈ ತೊಡಕುಗಳೆಲ್ಲ ಒಮ್ಮೆಗೇ ಮನೆಯವರ ತಲೆಯ ಮೇಲೆ ಬೀಳುತ್ತವೆ. ಮದುವೆಗೆ ಮುಂಚೆ ಬರೆದ ನಾಮನಿರ್ದೇಶನ ಹಾಗೆಯೇ ಉಳಿದಿರುತ್ತದೆ. ಗಂಡನ ಕಚೇರಿಯ ವಿಳಾಸವನ್ನಷ್ಟೇ ಬಲ್ಲ ಹೆಂಡತಿ, ಕಂಡರಿಯದ ಕಾಗದಗಳಿಗಾಗಿ ಅಲೆಯಬೇಕಾಗುತ್ತದೆ. ಹಣ ಬೇಕಾದ ತಿಂಗಳುಗಳು ಸಾಲದಲ್ಲಿ ಕಳೆಯುತ್ತವೆ. ಹಣ ಬರುವ ಹೊತ್ತಿಗೆ ಅದು ಬಡ್ಡಿ ತೀರಿಸಲಿಕ್ಕೆ ಸರಿಹೋಗುತ್ತದೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಸುಳ್ಳಾಗಲಿಲ್ಲ.

ಸಡಿಲವಾದ ಗಂಟುಗಳು

ಈಚಿನ ವರ್ಷಗಳಲ್ಲಿ ಕೆಲವು ಗಂಟುಗಳು ಸಡಿಲವಾಗಿವೆ ಎಂಬುದನ್ನೂ ಹೇಳಬೇಕು. 2014ರಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಜೀವಮಾನವಿಡೀ ಒಂದೇ ಸಂಖ್ಯೆ ದೊರಕಿತು. 2020ರಿಂದ ಕೆಲಸ ಬಿಟ್ಟ ದಿನಾಂಕವನ್ನು ನೌಕರನೇ ನಮೂದಿಸಲು ಅವಕಾಶವಾಯಿತು. 2025ರ ಏಪ್ರಿಲಿನಲ್ಲಿ ಚೆಕ್ಕಿನ ಹಾಳೆಯ ಚಿತ್ರವನ್ನು ಲಗತ್ತಿಸುವ ಕಟ್ಟಳೆ ತಪ್ಪಿತು. ಮಬ್ಬು ಚಿತ್ರವೆಂಬ ಕಾರಣಕ್ಕೆ ಹಿಂದಿರುಗುತ್ತಿದ್ದ ಅರ್ಜಿಗಳಿಗೆ ಅದರಿಂದ ಬಿಡುಗಡೆ. ಮುಂಗಡದ ಅರ್ಜಿಗಳನ್ನು ಗುಮಾಸ್ತರ ಕೈ ತಾಗದೆ ಯಂತ್ರವೇ ಇತ್ಯರ್ಥಪಡಿಸುವ ಮಿತಿಯನ್ನು ಅದೇ ವರ್ಷದ ಜೂನಿನಲ್ಲಿ ಒಂದು ಲಕ್ಷ ರೂಪಾಯಿಯಿಂದ ಐದು ಲಕ್ಷಕ್ಕೆ ಏರಿಸಲಾಯಿತು.

ಆದರೂ 2016ರ ಪ್ರಶ್ನೆ ಮುಗಿದಿಲ್ಲ. 2025ರ ಅಕ್ಟೋಬರಿನಲ್ಲಿ ನಿಧಿಯ ಕೇಂದ್ರ ಮಂಡಳಿಯು, ಕೆಲಸ ಬಿಟ್ಟವರಿಗೆ ಮುಕ್ಕಾಲು ಪಾಲು ಕೂಡಲೇ ಸಿಕ್ಕಲಿ, ಉಳಿದುದಕ್ಕೆ ಎರಡು ತಿಂಗಳಿಗೆ ಬದಲಾಗಿ ಹನ್ನೆರಡು ತಿಂಗಳು ಕಾಯಲಿ ಎಂದು ತೀರ್ಮಾನಿಸಿತು. ಮುಪ್ಪಿಗೆ ಉಳಿಸುವುದು ದೊಡ್ಡದೋ, ಇಂದಿನ ಸಂಕಟಕ್ಕೆ ಒದಗುವುದು ದೊಡ್ಡದೋ ಎಂಬ ವಾದ ಮತ್ತೆ ಎದ್ದಿತು.

ವಾದ ಹೇಗೂ ಇರಲಿ, ಮನೆಯವರು ಮಾಡಬಹುದಾದ ಕೆಲಸ ಸಣ್ಣದು. ಆರೋಗ್ಯ ಚೆನ್ನಾಗಿದ್ದು ಕೆಲಸ ಕೈಯಲ್ಲಿರುವಾಗಲೇ ಹೆಸರು, ಹುಟ್ಟಿದ ದಿನ, ಬ್ಯಾಂಕಿನ ಖಾತೆ ಮೂರನ್ನೂ ತಾಳೆ ನೋಡುವುದು. ತಿಂಗಳ ಹಣ ಜಮೆಯಾಗಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ಪರೀಕ್ಷಿಸುವುದು. ನಾಮನಿರ್ದೇಶನವನ್ನು ಹೊಸದಾಗಿ ಬರೆಯುವುದು. ಇಷ್ಟಾದರೂ ಕಚೇರಿ ಸತಾಯಿಸಿದರೆ ಗ್ರಾಹಕ ನ್ಯಾಯಾಲಯದ ಬಾಗಿಲು ತೆರೆದಿದೆ. ಭವಿಷ್ಯನಿಧಿಯ ಸದಸ್ಯನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯವು 1999ರ ಡಿಸೆಂಬರಿನಲ್ಲಿಯೇ ತೀರ್ಪಿತ್ತಿದೆ. ಅಲ್ಲಿಗೆ ಹೋಗುವವನು ದಾನ ಬೇಡಲು ಹೋಗುವುದಿಲ್ಲ. ತಾನು ದುಡಿದು ಇಟ್ಟುದನ್ನು ಕೇಳಲು ಹೋಗುತ್ತಾನೆ.