ರುಬ್ಬುಗಲ್ಲು ಮೂಲೆ ಸೇರಿದ ಮೇಲೆ

ಕಳೆದ ವಾರ ಮಧ್ಯಾಹ್ನದ ಹೊತ್ತು ನಮ್ಮ ಕಾರ್ಯಾಲಯಕ್ಕೆ ಹಿರಿಯರೊಬ್ಬರು ಬಂದು, ಮಡಿಸಿದ ಕಾಗದವೊಂದನ್ನು ಮೇಜಿನ ಮೇಲಿಟ್ಟರು. "ಕೆಲಸ ಬೇಕಾಗಿದೆ" ಎಂಬ ಅಂಕಣದಲ್ಲಿ ಅದನ್ನು ಅಚ್ಚುಮಾಡಬೇಕೆಂಬುದು ಅವರ ಕೋರಿಕೆ. ದುಂಡಾದ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: "ಹೋಟೆಲು ರೈಟರ್ ಕೆಲಸದಲ್ಲಿ 31 ವರ್ಷಗಳ ಅನುಭವ. ಲೆಕ್ಕದಲ್ಲಿ ಒಂದು ಪೈಸೆ ವ್ಯತ್ಯಾಸ ಬಂದದ್ದಿಲ್ಲ. ಯಾವ ಸಂಬಳಕ್ಕಾದರೂ ಸಿದ್ಧ." ಆ ಕೊನೆಯ ವಾಕ್ಯವನ್ನು ಓದಿ ನನ್ನ ಮನಸ್ಸು ಮುದುಡಿತು. ಏಕೆಂದರೆ ಅವರು ನನಗೆ ಅಪರಿಚಿತರಲ್ಲ. ಹನ್ನೊಂದು ವರ್ಷಗಳ ಕಾಲ ನನ್ನ ಹೋಟೆಲಿನ ಗಲ್ಲದ ಬಳಿ ಕುಳಿತು ನನ್ನ ಅನ್ನವನ್ನು ಕಾಪಾಡಿದವರು.

ಅದೇ ದಿನ "ಕೆಲಸಗಾರರು ಬೇಕಾಗಿದ್ದಾರೆ" ಎಂಬ ಅಂಕಣಕ್ಕೆ ಬಂದ ಪ್ರಕಟಣೆಗಳನ್ನು ತಿರುವಿಹಾಕಿದೆ. ರೈಟರು ಬೇಕೆಂದವರು ಇದ್ದರು. ಆದರೆ ಕಂಪ್ಯೂಟರಿನಲ್ಲಿ ಬಿಲ್ಲು ಹಾಕಲು ಬರಬೇಕು, ಜಿ.ಎಸ್.ಟಿ. ಲೆಕ್ಕ ತಿಳಿದಿರಬೇಕು, ತಮಿಳು ಓದಲು ಬರಬೇಕು ಎಂಬುದು ಎಲ್ಲರ ಷರತ್ತು. ಹೀಗೆ ಒಂದು ಅಂಕಣದಲ್ಲಿ ಕೆಲಸವೂ ಇನ್ನೊಂದರಲ್ಲಿ ಕೆಲಸಗಾರನೂ ಇದ್ದು, ಇಬ್ಬರಿಗೂ ಭೇಟಿಯಾಗದಂತಹ ಪರಿಸ್ಥಿತಿ ನಮ್ಮ ಜನರಲ್ಲಿ ಬೆಳೆಯುತ್ತಿದೆ. ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕ ಬಾಂಧವರ ಮುಂದಿಡಬಯಸುತ್ತೇನೆ.

ಹಿಂದಿನವರೂ ಕಲಿತರು

ಕಾಲ ಬದಲಾಗುವುದು ನಮ್ಮ ತಲೆಮಾರಿಗೆ ಮಾತ್ರ ಬಂದ ಕಷ್ಟವೆಂದು ಭಾವಿಸುವುದು ತಪ್ಪು. ಒಂದು ಕಾಲದಲ್ಲಿ ಉಡುಪಿ ಹೋಟೆಲಿನ ಅಡಿಗೆಮನೆಯಲ್ಲಿ ರುಬ್ಬುವವನಿಗೆ ಪ್ರತ್ಯೇಕ ಸ್ಥಾನವಿತ್ತು. ಊರಿನಿಂದ ಬಂದ ಹುಡುಗನು ಮೊದಲು ಕಪ್ಪು ಬಸಿ ತೊಳೆದು, ಮೇಜು ಒರಸಿ, ಆಮೇಲೆ ಕಲ್ಲಿನ ಮುಂದೆ ಕುಳಿತುಕೊಳ್ಳುತ್ತಿದ್ದನು. ಉದ್ದು ಎಷ್ಟು ನೆನೆಯಬೇಕು, ಹಿಟ್ಟು ಯಾವಾಗ ಹೂವಿನಂತೆ ಏಳುತ್ತದೆ ಎಂಬುದು ಅವನ ಅಂಗೈಗೆ ಗೊತ್ತಿತ್ತು. 1950ರ ದಶಕದಲ್ಲಿ ಕೊಯಮುತ್ತೂರಿನಲ್ಲಿ ವಿದ್ಯುತ್ತಿನಿಂದ ತಿರುಗುವ ಗ್ರೈಂಡರು ಹುಟ್ಟಿತು. ಕ್ರಮೇಣ ಅದು ಎಲ್ಲ ಹೋಟೆಲುಗಳ ಒಳಹೊಕ್ಕಿತು; ರುಬ್ಬುಗಲ್ಲು ಮೂಲೆ ಸೇರಿತು.

ಕಲ್ಲಿನೊಡನೆ ಎಲ್ಲ ರುಬ್ಬುವವರೂ ಮೂಲೆ ಸೇರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಯಂತ್ರಕ್ಕೆ ಬಲವಿತ್ತೇ ಹೊರತು ಹದ ತಿಳಿದಿರಲಿಲ್ಲ. ಕಲ್ಲು ಬಿಸಿಯಾದರೆ ಹಿಟ್ಟು ಬೇಗ ಹುಳಿಯುತ್ತದೆಂದೂ, ನೀರನ್ನು ಸ್ವಲ್ಪಸ್ವಲ್ಪವಾಗಿಯೇ ಹಾಕಬೇಕೆಂದೂ ಬಲ್ಲವನು ಕೈ ಬಳಸಿದವನೇ. ತನ್ನ ಹದವನ್ನು ಯಂತ್ರಕ್ಕೆ ಹೊಂದಿಸಲು ಕಲಿತವನು ಉಳಿದನು. "ಇದೆಂತಹ ಹಿಟ್ಟು!" ಎಂದು ಮೂದಲಿಸುತ್ತ ಕುಳಿತವನು ಊರಿನ ಬಸ್ಸು ಹತ್ತಿದನು.

ಗಲ್ಲದ ಮೇಲೆ ಕುಳಿತವರಿಗೂ ಪರೀಕ್ಷೆ ಬಂದಿತ್ತು. 1957ರ ಏಪ್ರಿಲ್ 1ರಂದು ನಯಾಪೈಸೆ ಜಾರಿಗೆ ಬಂತು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯಾಯಿತು. ಎರಡಾಣೆಯ ಕಾಫಿಗೆ ಹನ್ನೆರಡೂವರೆ ಪೈಸೆಯಾಗಬೇಕು. ಅರೆ ಪೈಸೆಯ ನಾಣ್ಯವೇ ಇಲ್ಲ! ಅದರ ಹಿಂದೆಯೇ, 1958ರಿಂದ, ಕಿಲೋಗ್ರಾಮು ಲೀಟರುಗಳು ಬಂದವು. ಸೇರು, ಪಡಿ, ವೀಸೆಗಳು ಒಂದೊಂದಾಗಿ ಹಿಂದೆ ಸರಿದವು. ಆಣೆಯ ಮಗ್ಗಿಯನ್ನೇ ಉಸಿರಾಡಿಕೊಂಡಿದ್ದ ಗುಮಾಸ್ತರು ಐವತ್ತರ ವಯಸ್ಸಿನಲ್ಲಿ ಹೊಸ ಮಗ್ಗಿ ಕಲಿತರು.

ಮಾಲೀಕರೂ ಕಲಿಯದೆ ಬಿಡಲಿಲ್ಲ. ಅಡಿಗೆಮನೆಯ ಸಾಮಾನ್ಯ ಕೆಲಸದಿಂದ ಮೇಲೆ ಬಂದ ಶ್ರೀ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1952ರಲ್ಲಿ ಇಂದಿನ ಡಾ. ರಾಧಾಕೃಷ್ಣನ್ ರಸ್ತೆಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಆಯಿತು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಡ್ರೈವ್-ಇನ್ ಬಂತು. ಕಾರಿನಲ್ಲಿ ಕುಳಿತವರಿಗೆ ಕಿಟಕಿಗೆ ತಟ್ಟೆ ಸಿಕ್ಕಿಸಿ ದೋಸೆ ಕೊಡುವ ಕ್ರಮವನ್ನು ನಮ್ಮ ಸಪ್ಲೈಯರುಗಳು ಹೊಸದಾಗಿ ಕಲಿಯಬೇಕಾಯಿತು. ಆ ಡ್ರೈವ್-ಇನ್ ಕೂಡ 2008ರಲ್ಲಿ ಮುಚ್ಚಿತು. 2010ರಿಂದ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಆರಂಭವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡಿದರೆಂಬುದು ಪ್ರಸಿದ್ಧವಾದ ಮಾತು. ಅಕ್ಕಿಯಿಲ್ಲವೆಂದು ಬಾಗಿಲು ಹಾಕಿದ್ದರೆ ಇಂದು ನಮಗೆ ರವೆ ಇಡ್ಲಿಯೇ ಇರುತ್ತಿರಲಿಲ್ಲ.

ನನ್ನ ತಪ್ಪು

ಇನ್ನು ನನ್ನ ಸ್ವಂತ ಕಥೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕುಂದಾಪುರದ ಕಡೆಯಿಂದ ಈ ಊರಿಗೆ ಬಂದದ್ದು 1996ರಲ್ಲಿ. ಮದರಾಸು ಚೆನ್ನೈ ಎಂದು ಹೆಸರು ಬದಲಿಸಿಕೊಂಡದ್ದೂ ಅದೇ ವರ್ಷ. ಕ್ಲೀನರನಾಗಿ ಸೇರಿ, ಸಪ್ಲೈಯರನಾಗಿ, ಹತ್ತು ವರ್ಷಗಳ ನಂತರ ತಿರುವಲ್ಲಿಕ್ಕೇಣಿಯ ಒಂದು ಗಲ್ಲಿಯಲ್ಲಿ ಸ್ವಂತ ಹೋಟೆಲನ್ನು ತೆರೆದೆ. ಆ ರೈಟರು ಮೊದಲ ದಿನದಿಂದಲೂ ನನ್ನೊಡನಿದ್ದರು. ಯಾವ ಮೇಜಿನವರು ಎರಡನೆಯ ಕಾಫಿ ತರಿಸಿಕೊಂಡರೆಂಬುದು ಅವರಿಗೆ ಗಲ್ಲದಿಂದಲೇ ಗೊತ್ತಾಗುತ್ತಿತ್ತು. ಹಾಲಿನವನ ಬಾಕಿ, ತರಕಾರಿಯವನ ಮುಂಗಡ ಎಲ್ಲವೂ ಅವರ ನಾಲಗೆಯ ತುದಿಯಲ್ಲಿದ್ದವು.

2016ರ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾದವು. ಗಿರಾಕಿಗಳು ಫೋನಿನಿಂದ ಹಣ ಕೊಡುವುದನ್ನು ಕಲಿಯತೊಡಗಿದರು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ಮೊದಲು ಸಾಧಾರಣ ಹೋಟೆಲಿಗೆ ನೂರಕ್ಕೆ 12, ಹವಾನಿಯಂತ್ರಿತ ಹೋಟೆಲಿಗೆ 18 ಎಂದಿತ್ತು. ನವೆಂಬರ್ 15ರಿಂದ ಎರಡಕ್ಕೂ 5 ಎಂದಾಯಿತು. ನಾಲ್ಕೂವರೆ ತಿಂಗಳಲ್ಲಿ ಎರಡು ಸಲ ಬಿಲ್ಲಿನ ಕ್ರಮ ಬದಲಾಯಿತು. ನಮ್ಮ ಲೆಕ್ಕ ಪರಿಶೋಧಕರು, "ಕಂಪ್ಯೂಟರು ಬಲ್ಲ ಹುಡುಗನನ್ನು ಇಟ್ಟುಕೊಳ್ಳಿ" ಎಂದರು. ಇಟ್ಟುಕೊಂಡೆ. ರೈಟರನ್ನು ಸ್ಟೋರಿಗೆ ಹಾಕಿದೆ.

ಒಂದು ದಿನ ಅವರು ನನ್ನ ಬಳಿ ಬಂದು, "ಧಣಿಗಳೇ, ಆ ಯಂತ್ರವನ್ನು ನನಗೂ ಯಾರಾದರೂ ಹೇಳಿಕೊಟ್ಟರೆ ಕಲಿತೇನು" ಎಂದರು. "ನಿಮಗೇಕೆ ಈ ವಯಸ್ಸಿನಲ್ಲಿ ಆ ತಾಪತ್ರಯ? ಸ್ಟೋರಿನಲ್ಲಿ ಆರಾಮವಾಗಿರಿ" ಎಂದು ನಾನು ಉತ್ತರಿಸಿದೆ. ಅದನ್ನು ದಯೆಯೆಂದೇ ತಿಳಿದುಕೊಂಡಿದ್ದೆ. ಮೂರು ತಿಂಗಳ ಪಾಠಕ್ಕೆ ನಾಲ್ಕು ಸಾವಿರ ರೂಪಾಯಿ ಸಾಕಾಗುತ್ತಿತ್ತು. ಹೋಟೆಲಿನ ಬೋರ್ಡಿಗೆ ಹೊಸ ದೀಪ ಹಾಕಿಸಲು ಅದೇ ತಿಂಗಳು ಅದರ ನಾಲ್ಕರಷ್ಟು ಖರ್ಚು ಮಾಡಿದ್ದೆ. ದೀಪಾವಳಿ ಕಳೆದ ಮೇಲೆ ಅವರು ಲೆಕ್ಕ ತೀರಿಸಿಕೊಂಡು ಹೊರಟರು. ಶಾಲು ಹೊದಿಸಿ, ಹಣ್ಣು ಕೊಟ್ಟು ಕಳುಹಿಸಿದೆ.

ಅವರು ಹೋದ ಮೇಲೆ ಬಿಲ್ಲುಗಳು ತಪ್ಪಿಲ್ಲದೆ ಬಂದವು. ಆದರೆ ಬೆಳಗಿನ ಹಾಲಿನಲ್ಲಿ ದಿನವೂ ಎರಡು ಲೀಟರು ಕಡಿಮೆ ಬರುತ್ತಿದ್ದುದು ಅರ್ಧ ವರ್ಷ ನನ್ನ ಗಮನಕ್ಕೆ ಬರಲಿಲ್ಲ. ಯಂತ್ರವು ತನಗೆ ಬರೆದುಕೊಟ್ಟದ್ದನ್ನು ಕೂಡಿಸಿತು. ಬರೆದದ್ದೇ ಸುಳ್ಳೆಂದು ಹೇಳಬಲ್ಲವರು ಹೊರಟುಹೋಗಿದ್ದರು. ಅವರ ಕಣ್ಣು, ಆ ಹುಡುಗನ ಯಂತ್ರ ಎರಡೂ ಒಬ್ಬರಲ್ಲಿಯೇ ಕೂಡಿದ್ದರೆ ನನ್ನ ಹೋಟೆಲಿಗೆ ಎಷ್ಟು ಲಾಭವಾಗುತ್ತಿತ್ತು! 2020ರ ಮಾರ್ಚಿನ ಲಾಕ್‌ಡೌನಿನ ನಂತರ ಹೋಟೆಲನ್ನು ಮಾರಿ ಈ ಪತ್ರಿಕೆಯ ಕುರ್ಚಿಗೆ ಬಂದ ನಾನು, ನಲವತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಜೋಡಿಸಲು ಕಲಿತೆ. ರೈಟರಿಗೆ ನಾನು ಹೇಳಿದ "ಈ ವಯಸ್ಸಿನಲ್ಲಿ" ಎಂಬ ಮಾತು ಆಗ ನನಗೇ ನೆನಪಾಗಿ ಚುಚ್ಚಿತು.

ಈಗ ಏನನ್ನು ಕಲಿಯಬೇಕು?

ಅಡಿಗೆಯವರ ವಿಷಯವನ್ನು ಮೊದಲು ನೋಡೋಣ. ಆಹಾರ ಸುರಕ್ಷತೆಯ ಕಾಯಿದೆ 2006ರಲ್ಲಿ ಆಯಿತು. ಅದರ ನಿಯಮಗಳು 2011ರ ಆಗಸ್ಟಿನಿಂದ ನಡೆಯುತ್ತಿವೆ. ಕರಿದ ಎಣ್ಣೆಗೂ ಲೆಕ್ಕವಿದೆ: ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಒಂದು ಬಗೆಯ ಕೆಟ್ಟ ಅಂಶವು ನೂರಕ್ಕೆ 25ನ್ನು ಮೀರಿದರೆ ಆ ಎಣ್ಣೆಯನ್ನು ಮತ್ತೆ ಬಳಸಬಾರದೆಂದು 2018ರ ಜುಲೈಯಿಂದ ನಿಯಮವಿದೆ. ಅದನ್ನು ಅಳೆಯುವ ಉಪಕರಣವೂ ಬಂದಿದೆ. ಬೋಂಡದ ಬಾಣಲೆಯ ಮುಂದೆ ನಿಂತವನು ಎಣ್ಣೆಯ ಬಣ್ಣ ಮತ್ತು ನೊರೆ ನೋಡಿ ಹೇಳುತ್ತಿದ್ದುದನ್ನೇ ಈಗ ಉಪಕರಣವು ಅಂಕಿಯಲ್ಲಿ ಹೇಳುತ್ತದೆ; ಆ ಅಂಕಿಯನ್ನು ಓದಲು ಬಂದರೆ ಅವನ ಮಾತಿಗೆ ಬೆಲೆ ಹೆಚ್ಚುತ್ತದೆ. ಇಪ್ಪತ್ತೈದು ಮಂದಿ ಕೆಲಸಗಾರರಿಗೆ ತರಬೇತಿ ಪಡೆದ ಮೇಲ್ವಿಚಾರಕರೊಬ್ಬರಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ಫಾಸ್ಟ್ಯಾಕ್ ಎಂಬ ತರಬೇತಿಯನ್ನು ಆರಂಭಿಸಿತು. ಆ ಪ್ರಮಾಣಪತ್ರವುಳ್ಳ ಅಡಿಗೆಯವನು ಬರಿಯ ಅಡಿಗೆಯವನಾಗಿ ಉಳಿಯಬೇಕಾಗಿಲ್ಲ.

ಹಳೆಯ ವಿದ್ಯೆ ಮರಳಿ ಬಂದ ಉದಾಹರಣೆಯೂ ಇದೆ. 2019ರ ಜನವರಿ 1ರಿಂದ ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳನ್ನು ನಿಷೇಧಿಸಲಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಸಾಂಬಾರು ಕಟ್ಟಿ ಅಭ್ಯಾಸವಾಗಿದ್ದ ಹುಡುಗರು ಪೇಚಾಡಿದರು. ಬಾಳೆಲೆಯನ್ನು ಬಾಡಿಸಿ, ಕಾಗದ ಸುತ್ತಿ, ಬಿಗಿಯಾಗಿ ದಾರ ಹಾಕಿ ಪೊಟ್ಟಣ ಕಟ್ಟಬಲ್ಲ ಹಿರಿಯರನ್ನು ಹುಡುಕುವಂತಾಯಿತು.

ಸಪ್ಲೈಯರುಗಳಿಗೆ ಎಂಟು ಮೇಜುಗಳ ಆರ್ಡರನ್ನು ನೆನಪಿನಲ್ಲಿಡುವುದು ಹೆಮ್ಮೆಯ ವಿಷಯ. ಈಗ ಅನೇಕ ಕಡೆ ಕೈಯಲ್ಲಿ ಹಿಡಿದ ಯಂತ್ರದಲ್ಲಿ ಒತ್ತಿದರೆ ಆರ್ಡರು ನೇರವಾಗಿ ಅಡಿಗೆಮನೆಗೆ ಹೋಗುತ್ತದೆ. ನೆನಪಿನ ಭಾರ ಇಳಿಯಿತೆಂದು ಸಂತೋಷಪಡಬೇಕು. ಗಿರಾಕಿಯ ಮುಖ ನೋಡಿ, "ಸಕ್ಕರೆ ಕಡಿಮೆಯಲ್ಲವೇ ಸಾರ್?" ಎಂದು ಕೇಳುವುದು ಯಂತ್ರಕ್ಕೆ ಬಾರದು. ಅದರೊಡನೆ ತಮಿಳನ್ನು ಆಡುವುದಷ್ಟೇ ಅಲ್ಲದೆ ಓದಲೂ ಕಲಿಯಬೇಕು. ಇಪ್ಪತ್ತು ವರ್ಷ ಇಲ್ಲಿದ್ದು ಬಸ್ಸಿನ ಬೋರ್ಡು ಓದಲಾರದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಕ್ಷರಗಳು ಬೇರೆಯಾದರೂ ಮಾತು ಸೋದರ ಭಾಷೆಯದು. ಪ್ರತಿದಿನ ಅರ್ಧ ಗಂಟೆ ಕುಳಿತರೆ ಕೆಲವೇ ತಿಂಗಳಲ್ಲಿ ಕೈಹಿಡಿಯುತ್ತದೆ.

ಗುಮಾಸ್ತ ಬಂಧುಗಳು ಬೆರಳಚ್ಚಿನ ಇತಿಹಾಸವನ್ನು ನೆನೆಯಬೇಕು. ಒಂದು ಕಾಲಕ್ಕೆ ಟೈಪು ಮತ್ತು ಶೀಘ್ರಲಿಪಿ ಬಲ್ಲವನಿಗೆ ಮದರಾಸಿನಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. 1955ರಿಂದ ಬೆರಳಚ್ಚು ಯಂತ್ರ ತಯಾರಿಸುತ್ತಿದ್ದ ಗೋದ್ರೆಜ್ ಕಂಪನಿ 2009ರ ಸುಮಾರಿಗೆ ಅದನ್ನು ನಿಲ್ಲಿಸಿತು. ಯಂತ್ರ ಹೋಯಿತು, ಆದರೆ ಅಕ್ಷರಗಳ ಅದೇ ಸಾಲು ಕಂಪ್ಯೂಟರಿನಲ್ಲಿ ಉಳಿಯಿತು. ನೋಡದೆ ಟೈಪು ಮಾಡಬಲ್ಲವರು ಎರಡು ಬೆರಳಿನ ಪದವೀಧರರಿಗಿಂತ ಮುಂದಾದರು. ಲೆಕ್ಕಕ್ಕಾದರೆ ಬೆಂಗಳೂರಿನ ಟ್ಯಾಲಿ ಇದೆ. ಖರ್ಚು ಜಮೆ ಬರೆಯಬಲ್ಲವನಿಗೆ ಅದರ ತತ್ವ ಹೊಸದಲ್ಲ. ಗುಂಡಿಗಳು ಮಾತ್ರ ಹೊಸವು. 2022ರ ಜನವರಿಯಿಂದ ಸ್ವಿಗ್ಗಿ, ಜೊಮಾಟೊಗಳ ಮೂಲಕ ಮಾರಿದ ತಿಂಡಿಯ ತೆರಿಗೆಯನ್ನು ಆ ಕಂಪನಿಗಳೇ ಕಟ್ಟಬೇಕಾಗಿದೆ. ಹೋಟೆಲಿನಲ್ಲಿ ಮಾರಿದ್ದನ್ನೂ ಅವುಗಳ ಮೂಲಕ ಮಾರಿದ್ದನ್ನೂ ಬೇರೆಬೇರೆಯಾಗಿ ತೋರಿಸಬೇಕು. ಇಂತಹ ವಿಷಯ ಬಲ್ಲ ಗುಮಾಸ್ತನನ್ನು ಯಾವ ಮಾಲೀಕನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಎಲ್ಲಿ, ಯಾವಾಗ?

ತರಮಣಿಯಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಗೆ ಸೇರಿದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ. ದೊಡ್ಡ ಪದವಿಗಳಲ್ಲದೆ ಅಲ್ಪಾವಧಿಯ ಪಾಠಗಳು ಯಾವಾಗ ನಡೆಯುತ್ತವೆಂದು ಹೋಗಿ ವಿಚಾರಿಸಬೇಕು; ಕೇಳುವುದಕ್ಕೆ ಸಂಕೋಚ ಬೇಡ. ಶಾಲೆಗೆ ಹೋಗದೆ ಕೆಲಸದಲ್ಲಿಯೇ ಕಲಿತವರ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡನ್ನು ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ಕೌಶಲ ಯೋಜನೆಯಲ್ಲಿ ಸೇರಿಸಿತು. ಮೂವತ್ತು ವರ್ಷ ದೋಸೆ ಹುಯ್ದವನ ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲದಿರುವುದು ನಮ್ಮ ವೃತ್ತಿಯ ದೊಡ್ಡ ಕೊರತೆ. ಹೊಸ ಹೋಟೆಲಿನವರು ಕೈಯನ್ನು ನೋಡುವ ಮೊದಲು ಕಾಗದವನ್ನು ಕೇಳುತ್ತಾರೆ.

"ಸಮಯವೆಲ್ಲಿದೆ?" ಎಂದು ಕೇಳಬಹುದು. ಬೆಳಗಿನ ಜಾವ ನಾಲ್ಕಕ್ಕೆ ಏಳುವವರ ಕಷ್ಟ ನನಗೆ ತಿಳಿಯದ್ದಲ್ಲ. ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಒಂದು ಗಂಟೆ ಎಲ್ಲ ಹೋಟೆಲುಗಳಲ್ಲಿಯೂ ಇದೆ. ಅದರಲ್ಲಿ ದಿನ ಬಿಟ್ಟು ದಿನ ಕಲಿಕೆಗೆ ಮೀಸಲಿಡಬಹುದು. ಮಾಲೀಕ ಮಿತ್ರರಲ್ಲಿಯೂ ನನ್ನದೊಂದು ವಿಜ್ಞಾಪನೆಯಿದೆ. ಹೊಸ ಯಂತ್ರ ತಂದ ದಿನ ಅದಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಅದೇ ದಿನ ಹಳೆಯ ಕೆಲಸಗಾರನನ್ನು ಕರೆದು ಅದರ ಮುಂದೆ ಕೂರಿಸುವುದನ್ನೂ ಆ ಪೂಜೆಗೆ ಸೇರಿಸಿಕೊಳ್ಳಬೇಕು. ಕಲಿಯುವ ಭಾರವೆಲ್ಲ ಕೆಲಸಗಾರನ ಮೇಲೆಯೇ ಬೀಳಬೇಕೆಂಬುದು ನ್ಯಾಯವಲ್ಲ.

ರೈಟರ ಪ್ರಕಟಣೆಯನ್ನು ನಾನು ಆ ದಿನ ಅಚ್ಚಿಗೆ ಕೊಡಲಿಲ್ಲ. "ಮೂರು ತಿಂಗಳು ತಡೆಯಿರಿ" ಎಂದೆ. ಈಗ ಅವರು ಪ್ರತಿದಿನ ಮಧ್ಯಾಹ್ನ ಮೂರಕ್ಕೆ ನಮ್ಮ ಕಾರ್ಯಾಲಯಕ್ಕೆ ಬರುತ್ತಾರೆ. ನಮ್ಮ ಲೆಕ್ಕದ ಹುಡುಗನು ಪಕ್ಕದಲ್ಲಿ ಕುಳಿತು ಟ್ಯಾಲಿ ಹೇಳಿಕೊಡುತ್ತಾನೆ. ಅವನು ಅವರನ್ನು ಮಾವ ಎನ್ನುತ್ತಾನೆ. ಅವರು ಅವನನ್ನು ಮೇಷ್ಟ್ರೇ ಎಂದು ನಗುತ್ತಾರೆ. ಮೊದಲ ನಾಲ್ಕು ದಿನ ಅವರ ಬೆರಳು ನಡುಗುತ್ತಿತ್ತು. ನಿನ್ನೆ ಅವರು ನಮ್ಮ ಪತ್ರಿಕೆಯ ಕಾಗದದ ಖರ್ಚಿನಲ್ಲಿ ಒಂದು ತಪ್ಪನ್ನು ಹಿಡಿದರು. ಹುಡುಗನು ಎರಡು ಸಲ ಕೂಡಿಸಿ ನೋಡಿ ಒಪ್ಪಿಕೊಂಡನು.

ಮೂರು ತಿಂಗಳ ನಂತರ ಆ ಪ್ರಕಟಣೆ ಇದೇ ಪತ್ರಿಕೆಯಲ್ಲಿ ಬರುತ್ತದೆ. ಕೊನೆಯ ವಾಕ್ಯವನ್ನು ಮಾತ್ರ ತೆಗೆದುಹಾಕಲು ಅವರು ಒಪ್ಪಿದ್ದಾರೆ.