ಹನ್ನೊಂದನೇ ವರ್ಣತಂತುವಿನ ಒಂದು ಅಕ್ಷರ

‘ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ, ಮಗುವಿಗೆ ಈ ಕಾಯಿಲೆ ಎಲ್ಲಿಂದ ಬಂತು?’

ಕುಡುಗೋಲು ಕಣ ರಕ್ತಹೀನತೆ ಇರುವ ಮಕ್ಕಳ ತಂದೆತಾಯಿಯನ್ನು ಮೊದಲು ಕಾಡುವ ಪ್ರಶ್ನೆ ಇದು. ಹುಟ್ಟಿದಾಗ ಚೆನ್ನಾಗಿಯೇ ಇದ್ದ ಕೂಸಿಗೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಕೈಬೆರಳು, ಪಾದ ಊದಿಕೊಳ್ಳುತ್ತವೆ. ಮುಟ್ಟಿದರೆ ಸಾಕು, ಚೀರುತ್ತದೆ. ದೊಡ್ಡದಾದ ಮೇಲೂ ಅಷ್ಟೆ: ಚಳಿ ಹೆಚ್ಚಾದರೆ, ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಎಲುಬಿನೊಳಗೆ ತಡೆಯಲಾರದ ನೋವು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಿಗೆ ಈ ರೋಗ ಹೊಸದಲ್ಲ. ಪಕ್ಕದ ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಇದು ಇರುವುದು 1952ರಷ್ಟು ಹಿಂದೆಯೇ ವರದಿಯಾಗಿತ್ತು.

ಪ್ರಶ್ನೆಗೆ ಉತ್ತರ ಬೇಕಾದರೆ ಮೂಳೆ ಮಜ್ಜೆಯೊಳಗೆ ಹೋಗಬೇಕು. ಅಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ತಯಾರಾಗುತ್ತವೆ. ಒಂದೊಂದರ ಆಯಸ್ಸು ಹೆಚ್ಚುಕಡಿಮೆ 120 ದಿನ. ಬಲಿತ ಕೆಂಪುಕಣದಲ್ಲಿ ಡಿಎನ್‌ಎ ಇರುವುದಿಲ್ಲ, ಆದರೆ ಅದನ್ನು ಹುಟ್ಟಿಸುವ ಮಜ್ಜೆಯ ಕೋಶದಲ್ಲಿ ಇದೆ. ಆ ಕೋಶ ಎರಡಾಗುವ ಮುನ್ನ ತನ್ನ 46 ವರ್ಣತಂತುಗಳನ್ನೂ, ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಸುಮಾರು 600 ಕೋಟಿ ಅಕ್ಷರಗಳನ್ನೂ, ನಕಲು ಮಾಡಿಕೊಳ್ಳಬೇಕು.

ಜೋಡಿ ಎಳೆಗಳು ಬಿಡಿಸಿಕೊಳ್ಳುತ್ತವೆ. ಹಳೆಯ ಎಳೆಯಲ್ಲಿ ಎ ಇದ್ದ ಕಡೆ ಎದುರಿಗೆ ಟಿ, ಜಿ ಇದ್ದ ಕಡೆ ಸಿ ಬಂದು ಕೂರುತ್ತದೆ. ಹೀಗೆ ಪ್ರತಿ ಹೊಸ ಜೋಡಿಯಲ್ಲೂ ಒಂದು ಹಳೆಯ ಎಳೆ, ಒಂದು ಹೊಸ ಎಳೆ. ಇದನ್ನು ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. ಅಕ್ಷರ ಜೋಡಿಸುವ ಪಾಲಿಮರೇಸ್ ಎಂಬ ಕಿಣ್ವದ ವೇಗ ಸೆಕೆಂಡಿಗೆ 50 ಅಕ್ಷರದಷ್ಟು. ಒಂದೇ ತುದಿಯಿಂದ ಹೊರಟರೆ ಅತಿ ಉದ್ದದ ವರ್ಣತಂತು ಮುಗಿಯಲು ಸುಮಾರು ಎರಡು ತಿಂಗಳು ಹಿಡಿದೀತು! ಕೋಶ ಏಕಕಾಲಕ್ಕೆ ಸಾವಿರಾರು ಕಡೆ ಕೆಲಸ ಶುರುಮಾಡಿ ಎಂಟು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ. ತಪ್ಪು ತಿದ್ದುವ ಕಿಣ್ವಗಳೂ ಜೊತೆಗಿರುತ್ತವೆ. ಎಲ್ಲ ತಿದ್ದುಪಡಿಯ ನಂತರ ಉಳಿಯುವ ತಪ್ಪು ನೂರು ಕೋಟಿ ಅಕ್ಷರಕ್ಕೆ ಒಂದರಷ್ಟು, ಅಥವಾ ಅದಕ್ಕಿಂತ ಕಡಿಮೆ.

ಅಷ್ಟು ಎಚ್ಚರವಿದ್ದೂ ರೋಗ ಏಕೆ? ಮಗುವಿನ ದೇಹದಲ್ಲಿ ನಕಲು ಕೆಟ್ಟಿಲ್ಲ ಎಂಬುದೇ ಇಲ್ಲಿನ ಕಷ್ಟ. ಸಾವಿರಾರು ವರ್ಷಗಳ ಹಿಂದೆ ಯಾರಲ್ಲೋ ಆದ ಒಂದು ಬದಲಾವಣೆ ತಲೆಮಾರಿನಿಂದ ತಲೆಮಾರಿಗೆ ಚಾಚೂ ತಪ್ಪದೆ ನಕಲಾಗುತ್ತಾ ಬಂದಿದೆ. ಕೆಂಪುಕಣದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಒಂದು ಭಾಗವನ್ನು ರೂಪಿಸುವುದು ಹನ್ನೊಂದನೇ ವರ್ಣತಂತುವಿನ ಬೀಟಾ ಗ್ಲೋಬಿನ್ ಜೀನು. ಅದರಲ್ಲಿ ಜಿಎಜಿ ಇರಬೇಕಾದ ಕಡೆ ಜಿಟಿಜಿ. ಒಂದೇ ಅಕ್ಷರ. ಅದರಿಂದ 146 ಅಮೈನೋ ಆಮ್ಲಗಳ ಸರಣಿಯಲ್ಲಿ ಆರನೆಯದು ಬದಲಾಗುತ್ತದೆ: ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್. ಪ್ರೋಟೀನಿನಲ್ಲಿ ಆಗುವ ಈ ಬದಲಾವಣೆಯನ್ನು ವರ್ನನ್ ಇಂಗ್ರಾಮ್ ಕೇಂಬ್ರಿಡ್ಜ್‌ನಲ್ಲಿ 1950ರ ದಶಕದಲ್ಲಿ ಪತ್ತೆ ಹಚ್ಚಿದರು. ಇಂಥ ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಒಂದಕ್ಕೊಂದು ಅಂಟಿ ಉದ್ದನೆಯ ಸರಳಾಗುತ್ತದೆ. ದುಂಡಗಿನ ಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. 10–20 ದಿನದಲ್ಲೇ ಒಡೆದೂ ಹೋಗುತ್ತದೆ.

ಇನ್ನು ತಂದೆತಾಯಿಯ ಪ್ರಶ್ನೆ. ಪ್ರತಿಯೊಬ್ಬರಲ್ಲೂ ಹನ್ನೊಂದನೇ ವರ್ಣತಂತು ಎರಡಿರುತ್ತವೆ. ಒಂದರಲ್ಲಿ ಮಾತ್ರ ಈ ಬದಲಾವಣೆ ಇದ್ದರೆ ಅವರು ವಾಹಕರು. ಇನ್ನೊಂದು ಸರಿಯಾದ ಹಿಮೋಗ್ಲೋಬಿನ್ ಕೊಡುವುದರಿಂದ ಸಾಮಾನ್ಯವಾಗಿ ಯಾವ ತೊಂದರೆಯೂ ಕಾಣಿಸಿಕೊಳ್ಳುವುದಿಲ್ಲ. ಅಂಡಾಣು, ವೀರ್ಯಾಣು ಹುಟ್ಟುವಾಗ ನಡೆಯುವ ವಿಭಜನೆ ಬೇರೆ ಬಗೆಯದು. ಅದರಲ್ಲಿ 46 ವರ್ಣತಂತುಗಳು 23ಕ್ಕೆ ಇಳಿದು, ಜೋಡಿಯಲ್ಲಿ ಒಂದು ಮಾತ್ರ ಮುಂದೆ ಹೋಗುತ್ತದೆ. ಯಾವುದು ಹೋದೀತು ಎಂಬುದು ನಾಣ್ಯ ಚಿಮ್ಮಿದ ಹಾಗೆ. ಇಬ್ಬರೂ ವಾಹಕರಾದರೆ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ವಾಹಕವಾಗುವುದು ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವುದು ಒಂದು.

ಈ ಲೆಕ್ಕವನ್ನು ಎಷ್ಟೋ ಮನೆಗಳಲ್ಲಿ ತಪ್ಪಾಗಿ ತಿಳಿಯುತ್ತಾರೆ. ಮೊದಲ ಮಗುವಿಗೆ ಬಂದಾಯಿತು, ಮುಂದಿನ ಮೂರಕ್ಕೆ ಭಯವಿಲ್ಲ ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರತಿ ಬಸಿರಿಗೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ. ಹಿಂದಿನ ಮಗುವಿಗೂ ಮುಂದಿನದಕ್ಕೂ ಸಂಬಂಧವಿಲ್ಲ. ಇದಕ್ಕಿಂತ ನೋವಿನ ಸಂಗತಿ, ಸೊಸೆಯ ಮೇಲೆ ತಪ್ಪು ಹೊರಿಸುವುದು. ಈ ರೋಗ ಬರಬೇಕಾದರೆ ಕೆಟ್ಟ ಜೀನು ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು.

ಇಷ್ಟು ಹಾನಿಯ ಜೀನು ಅಳಿಯದೆ ಉಳಿದದ್ದಕ್ಕೆ ಮಲೇರಿಯಾ ಕಾರಣ. ವಾಹಕರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂಬುದನ್ನು ಆಂಥನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಕಂಡುಕೊಂಡು 1954ರಲ್ಲಿ ಪ್ರಕಟಿಸಿದರು.

ಭಾರತ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಈ ರೋಗದ ನಿರ್ಮೂಲನಾ ಅಭಿಯಾನ ಆರಂಭಿಸಿತು. 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆ ಅದರ ಗುರಿ. ಬೆರಳ ತುದಿಯ ರಕ್ತದಿಂದ ಶುರುವಾಗುವ ಈ ಪರೀಕ್ಷೆ ಮದುವೆಗೆ ಮುಂಚೆಯೇ ಆದರೆ ಒಳ್ಳೆಯದು. ನೋವಿನ ಸರದಿ ಕಡಿಮೆ ಮಾಡಲು ಹೈಡ್ರಾಕ್ಸಿಯೂರಿಯಾ ಮಾತ್ರೆ ಇದೆ. ಅದೇ ವರ್ಷದ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳು ಕ್ಯಾಸ್ಜೆವಿ ಎಂಬ ಜೀನ್ ಚಿಕಿತ್ಸೆಗೂ ಒಪ್ಪಿಗೆ ಕೊಟ್ಟವು. ಅದು ತಪ್ಪಿದ ಅಕ್ಷರವನ್ನು ತಿದ್ದುವುದಿಲ್ಲ. ಗರ್ಭದಲ್ಲಿದ್ದಾಗ ತಯಾರಾಗುತ್ತಿದ್ದ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡುತ್ತದೆ. ಈ ಬದಲಾವಣೆ ನಡೆಯುವುದು ಮಜ್ಜೆಗೆ ಸೇರುವ ಕೋಶಗಳಲ್ಲಿ ಮಾತ್ರ, ಅಂಡಾಣು ವೀರ್ಯಾಣುಗಳಲ್ಲಿ ಅಲ್ಲ. ಆದ್ದರಿಂದ ಈ ಚಿಕಿತ್ಸೆಯಿಂದ ನೋವು ನೀಗಿದವರೂ ತಮ್ಮ ಪ್ರತಿ ಮಗುವಿಗೂ ಆ ಜೀನನ್ನು ದಾಟಿಸಿಯೇ ದಾಟಿಸುತ್ತಾರೆ. ಅವರ ಸಂಗಾತಿಯ ರಕ್ತಪರೀಕ್ಷೆ ಆಗಲೂ ತಪ್ಪುವುದಿಲ್ಲ.